ಔಷಧದಾನ ಮತ್ತು ತಾಯಿಯ ಮಂಚ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಮ್ಮ ಹಿರಿಯರು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ, ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲು, ಶ್ರೀರಂಗಪಟ್ಟಣ ಮೊದಲಾದೆಡೆ ಬಸದಿಗಳನ್ನುಳ್ಳ ಈ ಸೀಮೆಗೆ ದಾನಧರ್ಮ ಹೊಸದಲ್ಲ. ಆದರೆ ಔಷಧದಾನವೆಂದರೆ ಆಸ್ಪತ್ರೆಗೊಂದು ಯಂತ್ರ ಕೊಡಿಸಿ ಹೆಸರು ಬರೆಸುವುದೆಂಬ ಭಾವನೆ ಈಗ ಬೆಳೆದಿದೆ. ಮಕ್ಕಳ ತೀವ್ರ ನಿಗಾ ಘಟಕದ ಇತಿಹಾಸವು ಈ ಭಾವನೆಯನ್ನು ತಿದ್ದುವಂತಿದೆ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತು ಮಕ್ಕಳು ಸಾಯುತ್ತಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು ಹನ್ನೆರಡು ವರ್ಷದ ಬಾಲಿಕೆಯ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಬಳಿಕ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲ ಒತ್ತಿ ಅನೇಕರ ಪ್ರಾಣ ಉಳಿಸಿದರು. ತೀವ್ರ ನಿಗಾ ಘಟಕದ ಕಲ್ಪನೆ ಇಲ್ಲಿ ಮೊಳೆಯಿತು. 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಘಟಕ ಆರಂಭವಾಯಿತು.

ಯಂತ್ರ ಒಳಗೆ ಬಂದಿತು, ತಾಯಿ ಹೊರಗುಳಿದಳು. ಸೋಂಕಿನ ಭಯ ಇದಕ್ಕೆ ಮುಖ್ಯ ಕಾರಣ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವೈದ್ಯ ಜೇಮ್ಸ್ ಸ್ಪೆನ್ಸ್ ಅವರು 1920ರ ದಶಕದಲ್ಲಿಯೇ ಮಗುವಿನೊಡನೆ ತಾಯಿಯನ್ನೂ ದಾಖಲು ಮಾಡಿಕೊಂಡಿದ್ದರು. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ, ವೈದ್ಯ ಎಡ್ಗರ್ ರೇ ಅವರು ಕಡಿಮೆ ತೂಕದ ಶಿಶುಗಳನ್ನು ತಾಯಿಯ ಎದೆಗೇ ಆನಿಸಿಟ್ಟರು. ಕಾಂಗರೂ ಆರೈಕೆಯೆಂದು ಹೆಸರಾದುದು ಇದೇ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಸರ್ಕಾರದೊಡನೆ ಸೇರಿ ಈ ಆರೈಕೆಯನ್ನು ವ್ಯಾಪಕವಾಗಿ ಜಾರಿಗೆ ತರುವ ಬಗೆಯನ್ನು ಅಧ್ಯಯನ ಮಾಡಿದ್ದಾರೆ.

ಇಷ್ಟಾದರೂ, ಶಿಶುವಿನ ಸ್ಥಿತಿ ಸ್ಥಿರವಾದ ಮೇಲೆಯೇ ತಾಯಿಯ ಎದೆಗೆ ಕೊಡಬೇಕೆಂಬ ಪದ್ಧತಿ ಉಳಿದಿತ್ತು. ಹುಟ್ಟಿದೊಡನೆ ಕೊಟ್ಟರೆ ಹೇಗೆ? 2017ರಿಂದ 2020ರವರೆಗೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪರೀಕ್ಷಿಸಿತು. 1 ಕಿಲೋದಿಂದ 1.8 ಕಿಲೋದೊಳಗಿನ 3,211 ಶಿಶುಗಳು ಇದರಲ್ಲಿದ್ದವು. ಘಟಕದೊಳಗೇ ತಾಯಿಗೆ ಮಂಚ ಹಾಕಲಾಯಿತು. ಹಳೆಯ ಪದ್ಧತಿಯಲ್ಲಿ ಮೊದಲ 28 ದಿನಗಳೊಳಗೆ ನೂರಕ್ಕೆ 15.7 ಶಿಶುಗಳು ತೀರಿಕೊಂಡರೆ, ತಾಯಿಯೊಡನಿದ್ದವುಗಳಲ್ಲಿ 12. ತಾಯಿ ಒಳಗೆ ಬಂದುದರಿಂದ ಸೋಂಕು ಹೆಚ್ಚಲಿಲ್ಲ; ಕಡಿಮೆಯೇ ಆಯಿತು.

ಹಸುಳೆಗಳ ಮೇಲೆ ಪ್ರಯೋಗ ನಡೆಸುವುದು ಹಿಂಸೆಯಲ್ಲವೆ ಎಂದು ವಾಚಕರು ಕೇಳಬಹುದು. ತಂದೆತಾಯಿಯರ ಒಪ್ಪಿಗೆಯಿಲ್ಲದೆ, ನಿಷ್ಪಕ್ಷಪಾತ ಮೇಲ್ವಿಚಾರಣೆಯಿಲ್ಲದೆ ನಡೆದರೆ ಅದು ಹಿಂಸೆಯೇ ಸರಿ. ಇಲ್ಲಿ ಲಾಭ ಸ್ಪಷ್ಟವಾದೊಡನೆ ಮೇಲ್ವಿಚಾರಣಾ ಸಮಿತಿಯು ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಿತು. ತಿಳಿದ ಮೇಲೆಯೂ ಕೆಲವು ಮಕ್ಕಳನ್ನು ತಾಯಿಯಿಂದ ದೂರವಿಡುವುದು ಅಧರ್ಮವೆಂಬುದೇ ಅದರ ಅರ್ಥ. ಪರೀಕ್ಷಿಸದ ರೂಢಿಯೂ ಸದ್ದಿಲ್ಲದೆ ಜೀವಹಾನಿ ಮಾಡಬಲ್ಲದೆಂಬುದನ್ನು ನಾವು ಮರೆಯಲಾಗದು.

ಯಂತ್ರ ಬೇಡವೆಂದು ಇದರ ತಾತ್ಪರ್ಯವಲ್ಲ. ಉಸಿರಾಡಲಾರದ ಮಗುವಿಗೆ ಯಂತ್ರವೇ ಆಸರೆ. ಆದರೆ ಪಾಂಡವಪುರದಿಂದಲೋ ಕೃಷ್ಣರಾಜಪೇಟೆಯಿಂದಲೋ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೆ ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಶಿಶುವನ್ನು ಒಯ್ದ ಹಸಿ ಬಾಣಂತಿಯನ್ನು ನೆನೆಯಿರಿ. ಅವಳಿಗೆ ಮಲಗಲು ಮಂಚ, ಹೊತ್ತಿಗೆ ಬಿಸಿ ಊಟ, ಸ್ನಾನಕ್ಕೆ ನೀರು, ಶುಚಿಯಾದ ಶೌಚಗೃಹ ಬೇಕು. ಇವಿಲ್ಲದೆ ಅವಳು ದಿನಕ್ಕೆ ಹಲವು ಗಂಟೆ ಮಗುವನ್ನು ಎದೆಗೆ ಆನಿಸಿ ಕುಳಿತಿರಲಾರಳು.

ವ್ಯಾಪಾರಿಗಳಾದ ನಮಗೆ ಲೆಕ್ಕ ಗೊತ್ತು: ಬೆಲೆ ಹೆಚ್ಚಿನದೆಲ್ಲವೂ ಲಾಭ ಹೆಚ್ಚಿನದಲ್ಲ. ಬಸದಿಗಳ ವಿಶ್ವಸ್ಥರು ಮುಂದಿನ ಬಾರಿ ಆಸ್ಪತ್ರೆಗೆ ದಾನ ನೀಡುವ ಮೊದಲು ವೈದ್ಯರನ್ನು ಒಂದು ಮಾತು ಕೇಳಲಿ: ಇಲ್ಲಿ ತಾಯಿ ಎಲ್ಲಿ ಮಲಗುತ್ತಾಳೆ? ಅದಕ್ಕೆ ದೊರೆಯುವ ಉತ್ತರವೇ ನಮ್ಮ ದಾನಕ್ಕೆ ದಾರಿ ತೋರಲಿ. ತಾಯಿಗೆ ಊಟವಿಟ್ಟು, ಮಗುವಿನ ಬಳಿ ಜಾಗ ಕೊಟ್ಟರೆ ಆಹಾರ, ಅಭಯ, ಔಷಧ ಮೂರೂ ದಾನಗಳು ಒಂದೆಡೆ ಕೂಡುತ್ತವೆ.