ಅಂಗಡಿಯಲ್ಲೇ ನಿಂತುಹೋದ ದೂರು

ನಮ್ಮ ಕಡೆ ಮಗುವಿನ ತೊಟ್ಟಿಲು ಅಂದರೆ ತೊಲೆಗೆ ಹಗ್ಗ ಬಿಗಿದು ಕಟ್ಟಿದ ಹಳೇ ಸೀರೆಯ ಜೋಲಿ, ಇಲ್ಲಾಂದ್ರೆ ಅಟ್ಟದಿಂದ ಇಳಿಸಿದ ಅಜ್ಜನ ಕಾಲದ ಮರದ ತೊಟ್ಟಿಲು. ಮಾಡಿದ ಬಡಗಿ ಪಕ್ಕದ ಬೀದಿಯವನು. ಕೀಲು ಸಡಿಲವಾದರೆ ಕರೆಸಿ ನಾಲ್ಕು ಮಾತು ಬೈದರೆ ದೂರು ಕೊಟ್ಟ ಹಾಗೂ ಆಯ್ತು, ರಿಪೇರಿನೂ ಆಯ್ತು. ಆದರೆ ಕ್ರಿಬ್ ಹಾಗಲ್ಲ. ಸುತ್ತ ಕಂಬಿ ಇರುವ ಈ ಪುಟ್ಟ ಮಂಚ ಎಲ್ಲೋ ಒಂದು ಫ್ಯಾಕ್ಟರಿಯಲ್ಲಿ ಲಕ್ಷಗಟ್ಟಲೆ ತಯಾರಾಗಿ, ಡಬ್ಬದೊಳಗೆ ಬಿಡಿಬಿಡಿಯಾಗಿ ಬಂದು, ಅಪ್ಪ ಅಮ್ಮ ಸ್ಕ್ರೂಡ್ರೈವರ್ ಹಿಡಿದು ರಾತ್ರಿ ಕೂತು ಜೋಡಿಸುವ ವಸ್ತು. ಬೈಯೋಣ ಅಂದ್ರೆ ಬಡಗಿ ಯಾರು ಅಂತಲೇ ಗೊತ್ತಿರಲ್ಲ. ಈಗ ಬೆಂಗಳೂರಿನ ಫ್ಲಾಟುಗಳಿಗೂ ಇದೇ ಬರ್ತಾ ಇದೆ. ಅಮೆರಿಕದ ಕನ್ನಡಿಗರ ಮನೆಗಳಲ್ಲಂತೂ ಒಬ್ಬರ ಮಗು ಬೆಳೆದ ಮೇಲೆ ಇನ್ನೊಬ್ಬರ ಮನೆಗೆ ಹೋಗುತ್ತಾ ಊರೆಲ್ಲ ಸುತ್ತುತ್ತೆ.

ಹಾಗಾಗಿ ಈ ಮಂಚದ ಇತಿಹಾಸ ಸ್ವಲ್ಪ ಕೆದಕಿದೆ. ಓದುತ್ತಾ ಹೋದ ಹಾಗೆ ಇದು ಪೀಠೋಪಕರಣದ ಇತಿಹಾಸವೇ ಅಲ್ಲ, ದೂರುಗಳ ಇತಿಹಾಸ ಅನ್ನಿಸಿತು. ಯಾರೋ ದೂರು ಕೊಟ್ಟಿದ್ದಾರೆ, ಅದು ಎಲ್ಲೋ ನಿಂತಿದೆ, ಆಮೇಲೆ ಇನ್ಯಾರದೋ ಮಗು ಹೋಗಿದೆ.

ಮೊದಲು ಕಂಬಿಗಳ ವಿಷಯ. 1970ರ ದಶಕದವರೆಗೂ ಅಮೆರಿಕದಲ್ಲಿ ಕ್ರಿಬ್ಬಿನ ಎರಡು ಕಂಬಿಗಳ ನಡುವೆ ಎಷ್ಟು ಜಾಗ ಇರಬೇಕು ಅನ್ನೋದು ತಯಾರಕನ ಇಷ್ಟ. ಚೆಂದ ಕಾಣಲಿ, ಮರ ಉಳಿಯಲಿ ಅಂತ ದೂರ ದೂರ ಇಟ್ಟರೆ ಏನಾಗುತ್ತೆ? ಮಗು ಹೊರಳುತ್ತಾ ಕಾಲು ತೂರಿಸುತ್ತೆ, ಸೊಂಟ ತೂರುತ್ತೆ, ಎದೆ ತೂರುತ್ತೆ. ತಲೆ ಮಾತ್ರ ತೂರಲ್ಲ. ಮುಂದಿನದ್ದು ಬರೆಯಬೇಕಿಲ್ಲ.

ಗ್ರಾಹಕ ವಸ್ತುಗಳ ಸುರಕ್ಷತೆ ಬಗ್ಗೆ ಅಧ್ಯಯನಕ್ಕೆ ನೇಮಿಸಿದ್ದ ರಾಷ್ಟ್ರೀಯ ಆಯೋಗವೊಂದು 1970ರಲ್ಲಿ ವರದಿ ಕೊಟ್ಟಿತು. ಅದರ ಫಲವಾಗಿ 1972ರಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆ ಬಂತು, ಮರುವರ್ಷ ಸಿಪಿಎಸ್‌ಸಿ ಅನ್ನೋ ಸರ್ಕಾರಿ ಸಂಸ್ಥೆ ಕೆಲಸ ಶುರು ಮಾಡಿತು. ಅದು 1973ರಲ್ಲೇ ಕ್ರಿಬ್ಬಿಗೆ ನಿಯಮ ಮಾಡಿತು: ಕಂಬಿಗಳ ನಡುವೆ 2.375 ಇಂಚಿಗಿಂತ, ಅಂದರೆ ಸುಮಾರು 6 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಇರಕೂಡದು. ಈ ಅಂಕಿ ಎಲ್ಲಿಂದ ಬಂತು ಗೊತ್ತಾ? ಪುಟ್ಟ ಮಕ್ಕಳ ಸೊಂಟದ ಅಳತೆಯಿಂದ. ಸೊಂಟವೇ ತೂರದಿದ್ದರೆ ತಲೆ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ತುಂಬಾ ಸರಳವಾದ, ತುಂಬಾ ಒಳ್ಳೆಯ ಎಂಜಿನಿಯರಿಂಗ್. ಅಳೆಯೋಕೆ ಟೇಪು ಇಲ್ಲದವರಿಗೆ ಅಮೆರಿಕದವರು ಹೇಳಿಕೊಡುವ ಉಪಾಯ ಇನ್ನೂ ಸರಳ: ಸೋಡಾ ಕ್ಯಾನು ಎರಡು ಕಂಬಿಗಳ ನಡುವೆ ತೂರಿದರೆ ಆ ಕ್ರಿಬ್ ಬೇಡ.

(ಒಂದು ತಮಾಷೆ. ಈ ನಿಯಮ ಮಾಡಿದ್ದು ಅಪಾಯಕಾರಿ ಪದಾರ್ಥಗಳ ಕಾಯ್ದೆಯ ಅಡಿ. ಆಟಿಕೆ, ಮಕ್ಕಳ ಸಾಮಾನಿನಿಂದ ಆಗುವ ಯಾಂತ್ರಿಕ ಅಪಾಯಗಳನ್ನೂ 1969ರಲ್ಲಿ ಅದಕ್ಕೆ ಸೇರಿಸಿದ್ದರು. ಹಾಗಾಗಿ ಕಂಬಿ ದೂರ ಇರುವ ಮರದ ಮಂಚ ಕಾನೂನಿನ ಕಣ್ಣಲ್ಲಿ ಒಂದು ನಿಷೇಧಿತ ಅಪಾಯಕಾರಿ ಪದಾರ್ಥ, ಆಸಿಡ್ ಬಾಟಲಿಯ ಜಾತಿಗೆ ಸೇರಿದ್ದು!)

ಕಂಬಿಯ ಸಮಸ್ಯೆ ಬಗೆಹರಿದದ್ದು ಹೀಗೆ. ಆದರೆ ಅಳತೆಯ ತಪ್ಪು ಕಣ್ಣಿಗೆ ಕಾಣುತ್ತೆ, ಟೇಪಿಗೆ ಸಿಗುತ್ತೆ. ಆರು ತಿಂಗಳು ಬಳಸಿದ ಮೇಲೆ ಮುರಿಯುವ ಪ್ಲಾಸ್ಟಿಕ್ ಕೊಂಡಿ, ಸರಿಯಾಗಿ ಕೂರದ ಲಾಕು, ಇವು ಅಂಗಡಿಯಲ್ಲಿ ನೋಡಿದರೆ ಕಾಣಲ್ಲ. ಮನೆಯಲ್ಲಿ ಬಳಸಿದವರಿಗಷ್ಟೇ ಗೊತ್ತಾಗುತ್ತೆ. ಹಾಗಾಗಿ ಅವರು ಹೇಳಿದ್ದು ಎಲ್ಲಿಗೆ ತಲುಪುತ್ತೆ ಅನ್ನೋದೇ ಎಲ್ಲ.

ಇಲ್ಲಿ ಒಂದು ಮಗುವಿನ ಹೆಸರು ಹೇಳಲೇಬೇಕು. ಡ್ಯಾನಿ ಕೀಸರ್. ಶಿಕಾಗೋದವನು, ಒಂದೂವರೆ ವರ್ಷವೂ ತುಂಬಿರಲಿಲ್ಲ. ಅಪ್ಪ ಬೋಅಜ್ ಕೀಸರ್, ಅಮ್ಮ ಲಿಂಡಾ ಗಿಂಜೆಲ್, ಇಬ್ಬರೂ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು. 1998ರ ಮೇ ತಿಂಗಳಲ್ಲಿ ಮಗು ಡೇಕೇರಿನಲ್ಲಿ ಮಧ್ಯಾಹ್ನ ಮಲಗಿತ್ತು. ಮಡಿಚಿ ಒಯ್ಯಬಹುದಾದ ಕ್ರಿಬ್ ಅದು. ಮೇಲಿನ ಅಂಚಿನ ಎರಡು ಪಟ್ಟಿಗಳು ಮಧ್ಯದಲ್ಲಿ ಕಳಚಿ ಒಳಕ್ಕೆ ಮಡಿಚಿಕೊಂಡವು, ನಡುವೆ ಮಗುವಿನ ಕುತ್ತಿಗೆ. ಡೇಕೇರಿಗೆ ಸರ್ಕಾರದ ಲೈಸೆನ್ಸ್ ಇತ್ತು. ಕೆಲವೇ ದಿನ ಮೊದಲು ತಪಾಸಣೆಯೂ ಆಗಿತ್ತು.

ಆ ಕ್ರಿಬ್ಬನ್ನು ಕೋಲ್‌ಕ್ರಾಫ್ಟ್ ಕಂಪನಿ ತಯಾರಿಸಿ, ಪ್ಲೇಸ್ಕೂಲ್ ಎಂಬ ಹೆಸರುವಾಸಿ ಆಟಿಕೆ ಬ್ರಾಂಡಿನಡಿ ಮಾರಿತ್ತು. ತಂದೆ ತಾಯಿಗೆ ಆಮೇಲೆ ತಿಳಿದ ವಿಷಯ: ಆ ಮಾದರಿಯನ್ನು 1993ರಲ್ಲೇ ರೀಕಾಲ್ ಮಾಡಿದ್ದರು. ಅಂದರೆ ಮಾರಿದ ಮಾಲನ್ನು ವಾಪಸ್ ಕರೆಸುವ ಪ್ರಕಟಣೆ ಐದು ವರ್ಷ ಮೊದಲೇ ಹೊರಟಿತ್ತು. ಆ ಪ್ರಕಟಣೆ ಡೇಕೇರಿನಾಕೆಗೆ ತಲುಪಲಿಲ್ಲ, ತಪಾಸಣೆಗೆ ಬಂದವರಿಗೂ ತಲುಪಲಿಲ್ಲ. ಆ ಮಾದರಿಗೆ ಬಲಿಯಾದವರಲ್ಲಿ ಡ್ಯಾನಿ ಐದನೆಯವನು. ಅದೇ ವರ್ಷ ಆಗಸ್ಟಿನಲ್ಲಿ ಆರನೆಯ ಮಗು ಸತ್ತಿತು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದರೆ ಬಗ್ ಸಿಕ್ಕಿತ್ತು, ಬಗ್ ರಿಪೋರ್ಟ್ ಆಗಿತ್ತು, ಕಂಪನಿ ಅದನ್ನು ಒಪ್ಪಿಯೂ ಇತ್ತು. ಪ್ಯಾಚ್ ಮಾತ್ರ ಬಳಕೆದಾರರ ಮನೆ ತಲುಪಲಿಲ್ಲ. ಯಾರ ಮನೆಯಲ್ಲಿ ಆ ಕ್ರಿಬ್ ಇದೆ ಅನ್ನೋ ಪಟ್ಟಿಯೇ ಯಾರ ಹತ್ತಿರವೂ ಇರಲಿಲ್ಲ.

ಲಿಂಡಾ ಮತ್ತು ಬೋಅಜ್ 1998ರಲ್ಲೇ 'ಕಿಡ್ಸ್ ಇನ್ ಡೇಂಜರ್' ಅನ್ನೋ ಸಂಸ್ಥೆ ಕಟ್ಟಿದರು. 1999ರಲ್ಲಿ ಇಲಿನಾಯ್ ರಾಜ್ಯ ಕಾನೂನು ಮಾಡಿತು: ರೀಕಾಲ್ ಆದ ಮಕ್ಕಳ ಸಾಮಾನನ್ನು ಮಾರುವ ಹಾಗಿಲ್ಲ, ಡೇಕೇರುಗಳಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿಯವರೆಗೆ ಅಂಥ ಕಾನೂನು ಆ ದೇಶದಲ್ಲಿ ಇರಲೇ ಇಲ್ಲ ಅನ್ನೋದು ನನಗೆ ನಂಬೋಕೇ ಕಷ್ಟವಾಯ್ತು.

ಮಾಹಿತಿ ತಲುಪದಿರುವುದಕ್ಕೆ ಇನ್ನೊಂದು ಕಾರಣ ಕಾನೂನಿನೊಳಗೇ ಇತ್ತು. 1972ರ ಕಾಯ್ದೆಯ 6(ಬಿ) ಕಲಮಿನ ಪ್ರಕಾರ ಸಿಪಿಎಸ್‌ಸಿ ಒಂದು ಕಂಪನಿಯ ವಸ್ತುವನ್ನು ಹೆಸರಿಸಿ ಜನರಿಗೆ ಎಚ್ಚರಿಕೆ ಕೊಡುವ ಮೊದಲು ಆ ಕಂಪನಿಗೇ ತಿಳಿಸಿ, ಅದರ ಮಾತು ಕೇಳಬೇಕು. ಸುಳ್ಳು ಆರೋಪದಿಂದ ಒಳ್ಳೆ ಕಂಪನಿ ಹಾಳಾಗಬಾರದು ಅನ್ನೋ ಉದ್ದೇಶ. 1981ರಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. ಉದ್ದೇಶ ಏನೇ ಇರಲಿ, ನೂರು ಜನ ನೂರು ಊರಿನಿಂದ ಒಂದೇ ದೂರು ಕೊಟ್ಟರೂ ಪ್ರತಿಯೊಬ್ಬರಿಗೂ ತಾನೊಬ್ಬನೇ ಅನ್ನಿಸುತ್ತಿತ್ತು. 'ಸ್ಕ್ರೂ ನೀವೇ ಸರಿಯಾಗಿ ಹಾಕಿಲ್ಲ' ಅಂತ ಕಂಪನಿ ಹೇಳಿದರೆ ತೆಪ್ಪಗೆ ಫೋನ್ ಇಡಬೇಕು.

ಈ 'ನೀವೇ ಸರಿಯಾಗಿ ಜೋಡಿಸಿಲ್ಲ' ಅನ್ನೋ ಮಾತು ದೊಡ್ಡದಾಗಿ ಬಂದದ್ದು ಬದಿ ಇಳಿಸುವ ಕ್ರಿಬ್ಬುಗಳ ವಿಷಯದಲ್ಲಿ. ಮಗುವನ್ನು ಎತ್ತೋಕೆ ಅಮ್ಮ ಪೂರ್ತಿ ಬಗ್ಗಬಾರದು ಅಂತ ಒಂದು ಬದಿಯನ್ನು ಕೆಳಗೆ ಜಾರಿಸುವ ವ್ಯವಸ್ಥೆ. ಅನುಕೂಲವೇ. ಆದರೆ ಆ ಬದಿ ನಿಂತಿರುತ್ತಿದ್ದುದು ಪ್ಲಾಸ್ಟಿಕ್ ಕೊಂಡಿಗಳ ಮೇಲೆ. ಕೊಂಡಿ ಸವೆದರೆ, ಮುರಿದರೆ ಒಂದು ಮೂಲೆ ಕಳಚಿ, ಹಾಸಿಗೆಗೂ ಬದಿಗೂ ನಡುವೆ ಸಂದಿ ಬೀಳುತ್ತೆ. ಮಗು ಅದರೊಳಗೆ ಜಾರಿದರೆ ಮೇಲೆ ಬರಲಾಗದು. ಸಿಂಪ್ಲಿಸಿಟಿ ಅನ್ನೋ ಕಂಪನಿಯ ಕ್ರಿಬ್ಬಿನಲ್ಲಂತೂ ಆ ಬದಿಯನ್ನು ತಲೆಕೆಳಗಾಗಿಯೂ ಜೋಡಿಸಬಹುದಿತ್ತು, ಹಾಗೆ ಜೋಡಿಸಿದರೂ ನೋಡೋಕೆ ಸರಿಯಾಗೇ ಕಾಣುತ್ತಿತ್ತು. ತಲೆಕೆಳಗಾಗಿ ಜೋಡಿಸೋಕೆ ಬರುತ್ತೆ ಅಂದರೆ ಯಾರೋ ಒಬ್ಬರು ಜೋಡಿಸಿಯೇ ಜೋಡಿಸುತ್ತಾರೆ. ಅದು ಅಪ್ಪನ ತಪ್ಪಲ್ಲ, ಡಿಸೈನಿನ ತಪ್ಪು. ಯುಎಸ್‌ಬಿ ಚುಚ್ಚೋಕೆ ಮೂರು ಸಲ ತಿರುಗಿಸಿ ನೋಡುವ ನಾವು ಇದನ್ನು ಯಾರಿಂದಲೂ ಕಲಿಯಬೇಕಿಲ್ಲ.

2005ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಗು ಈ ರೀತಿ ಸತ್ತಿತು. ಸಿಪಿಎಸ್‌ಸಿಯ ತನಿಖೆ ಆ ಕ್ರಿಬ್ಬನ್ನು ನೋಡದೆಯೇ, ಅದು ಯಾವ ಮಾದರಿ ಅಂತ ಪತ್ತೆ ಹಚ್ಚದೆಯೇ ಮುಗಿಯಿತು. 2007ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಯವರು ಬೆನ್ನು ಹತ್ತಿ ಪ್ರಶ್ನೆ ಕೇಳಿದ ಮೇಲೆ ಫೈಲು ಮತ್ತೆ ತೆರೆಯಿತು. ಸೆಪ್ಟೆಂಬರಿನಲ್ಲಿ ಸುಮಾರು 10 ಲಕ್ಷ ಸಿಂಪ್ಲಿಸಿಟಿ ಕ್ರಿಬ್ಬುಗಳ ರೀಕಾಲ್ ಆಯ್ತು. ಆ ವರದಿಗಳಿಗೆ 2008ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಪಾಲು ಬಂತು. 2009ರ ನವೆಂಬರಿನಲ್ಲಿ ಸ್ಟೋರ್ಕ್ ಕ್ರಾಫ್ಟ್ ಕಂಪನಿಯ ಸರದಿ: ಅಮೆರಿಕ, ಕೆನಡಾ ಸೇರಿ 21 ಲಕ್ಷ ಕ್ರಿಬ್ಬುಗಳು. ಮಾರಾಟವಾದದ್ದು ಯಾವಾಗಿನಿಂದ ಅಂತೀರಿ? 1993ರಿಂದ! ಬದಿ ಕಳಚಿದ ದೂರುಗಳು ಅಷ್ಟರಲ್ಲಿ 110 ಆಗಿದ್ದವು, ಸಾವು ನಾಲ್ಕು.

ಕೊನೆಗೂ 2010ರ ಡಿಸೆಂಬರಿನಲ್ಲಿ ಸಿಪಿಎಸ್‌ಸಿ ಹೊಸ ನಿಯಮಕ್ಕೆ ಒಮ್ಮತದಿಂದ ಒಪ್ಪಿಗೆ ಕೊಟ್ಟು, 2011ರ ಜೂನ್ 28ರಿಂದ ಬದಿ ಇಳಿಯುವ ಕ್ರಿಬ್ಬಿನ ತಯಾರಿ, ಮಾರಾಟ ಎರಡೂ ಬಂದ್ ಆದವು. ಮನೆಯ ಮುಂದೆ ಇಟ್ಟು ಹಳೆಯದನ್ನು ಮಾರುವ ಹಾಗೂ ಇಲ್ಲ. ಹೋಟೆಲು, ಡೇಕೇರುಗಳಿಗೆ 2012ರ ಡಿಸೆಂಬರ್‌ವರೆಗೆ ಸಮಯ ಕೊಟ್ಟರು. 2007ರಿಂದ ಅಷ್ಟರೊಳಗೆ ವಾಪಸ್ ಕರೆಸಿದ ಕ್ರಿಬ್ಬುಗಳ ಸಂಖ್ಯೆ 1.1 ಕೋಟಿ ದಾಟಿತ್ತು. ಅಮೆರಿಕದಲ್ಲಿರುವ ಗೆಳೆಯರೇ, ಯಾರಾದರೂ ಪ್ರೀತಿಯಿಂದ 'ನಮ್ಮ ಮಗನದ್ದು ಗಟ್ಟಿಮುಟ್ಟಾಗಿದೆ, ತಗೊಂಡು ಹೋಗಿ' ಅಂದರೆ ಮೊದಲು ಅದರ ಮೇಲಿನ ತಯಾರಿಕೆ ತಾರೀಖು ನೋಡಿ. 2011ರ ಜೂನಿಗಿಂತ ಹಳೆಯದಾದರೆ ನಯವಾಗಿ ಬೇಡ ಅನ್ನಿ.

ಈ ನಡುವೆ 2008ರ ಆಗಸ್ಟಿನಲ್ಲಿ ಬಂದ ಕಾಯ್ದೆಯೇ ನನ್ನ ಪ್ರಕಾರ ಈ ಕಥೆಯಲ್ಲಿ ಅತಿ ಮುಖ್ಯವಾದದ್ದು. ಅದರ ಒಂದು ಭಾಗಕ್ಕೆ ಡ್ಯಾನಿ ಕೀಸರ್ ಹೆಸರೇ ಇದೆ. ಅದರ ಪ್ರಕಾರ ಕ್ರಿಬ್ಬಿನಂಥ ಮಕ್ಕಳ ಸಾಮಾನಿನ ಜತೆ ಅಂಚೆಚೀಟಿ ಖರ್ಚಿಲ್ಲದ ಒಂದು ಕಾರ್ಡು ಇರಲೇಬೇಕು. ಕೊಂಡವರು ಹೆಸರು, ವಿಳಾಸ ತುಂಬಿ ಕಳಿಸಿದರೆ, ನಾಳೆ ರೀಕಾಲ್ ಆದಾಗ ಕಂಪನಿ ನೇರ ಅವರಿಗೇ ತಿಳಿಸಬೇಕು. ಆ ವಿಳಾಸವನ್ನು ಜಾಹೀರಾತಿಗೆ ಬಳಸುವ ಹಾಗಿಲ್ಲ. ಇಷ್ಟೇ. ಒಂದು ಕಾರ್ಡು. 1993ರಲ್ಲಿ ಇಲ್ಲದಿದ್ದದ್ದು ಇದೇ ತಾನೆ? ಅದೇ ಕಾಯ್ದೆಯಿಂದಾಗಿ 2011ರ ಮಾರ್ಚಿನಲ್ಲಿ ಸಾರ್ವಜನಿಕ ದೂರಿನ ಕಣಜವೊಂದು ಶುರುವಾಯ್ತು. ಯಾರು ಬೇಕಾದರೂ ದೂರು ಬರೆಯಬಹುದು. ಸಿಪಿಎಸ್‌ಸಿ ಅದನ್ನು ಕಂಪನಿಗೆ ಕಳಿಸಿ, ಅಲ್ಲಿಂದ ಹತ್ತು ಕೆಲಸದ ದಿನಗಳಿಗೆ ಎಲ್ಲರಿಗೂ ಕಾಣುವಂತೆ ಹಾಕುತ್ತೆ. ನೂರು ಜನರ ದೂರು ಒಂದೇ ಕಡೆ ಕಾಣುತ್ತೆ.

ಹಾಗಂತ ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡಿ. ಫಿಶರ್ ಪ್ರೈಸ್ ಕಂಪನಿ 2009ರಲ್ಲಿ ರಾಕ್ ಅಂಡ್ ಪ್ಲೇ ಅನ್ನೋ ಓರೆಯಾಗಿ ಮಲಗಿಸುವ ತೊಟ್ಟಿಲು ತಂದಿತು. ಓರೆಯಾಗಿ ಮಲಗಿದ ಎಳೆಗೂಸಿನ ತಲೆ ಮುಂದಕ್ಕೆ ವಾಲಿ ಉಸಿರುಗಟ್ಟಬಹುದು, ಹೊರಳಿದರೂ ಅಪಾಯ. ಹತ್ತು ವರ್ಷ ಅದು ಮಾರಾಟವಾಯ್ತು. 2019ರ ಏಪ್ರಿಲಿನಲ್ಲಿ ಸಾವುಗಳ ವಿವರ ಹೊರಬಂದದ್ದು ಹೇಗೆ ಗೊತ್ತಾ? ಸಿಪಿಎಸ್‌ಸಿಯವರು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಗೆ ಮಾಹಿತಿ ಕೊಡುವಾಗ ಕಂಪನಿ, ಮಾದರಿಗಳ ಹೆಸರು ಅಳಿಸೋದನ್ನು ಮರೆತಿದ್ದರು! ಪತ್ರಿಕೆ ಬರೆದ ಕೆಲವೇ ದಿನಗಳಲ್ಲಿ 47 ಲಕ್ಷ ತೊಟ್ಟಿಲುಗಳ ರೀಕಾಲ್. ಅಷ್ಟರಲ್ಲಿ 30ಕ್ಕೂ ಹೆಚ್ಚು ಸಾವು ವರದಿಯಾಗಿತ್ತು. 2023ರ ಜನವರಿಯಲ್ಲಿ ಅದೇ ರೀಕಾಲನ್ನು ಮತ್ತೊಮ್ಮೆ ಸಾರಬೇಕಾಯ್ತು, ಯಾಕಂದರೆ ರೀಕಾಲ್ ಆದ ಮೇಲೂ ಕನಿಷ್ಠ ಎಂಟು ಮಕ್ಕಳು ಅದರಲ್ಲಿ ಸತ್ತಿದ್ದರು. 10 ಡಿಗ್ರಿಗಿಂತ ಹೆಚ್ಚು ಓರೆ ಇರುವ ಮಲಗುವ ತೊಟ್ಟಿಲುಗಳಿಗೆ, ಕ್ರಿಬ್ಬಿನ ಸುತ್ತ ಕಟ್ಟುವ ಮೆತ್ತೆಗಳಿಗೆ 2022ರ ಮೇನಲ್ಲಿ ಅಲ್ಲಿ ನಿಷೇಧ ಕಾಯ್ದೆ ಬಂತು. ನಮ್ಮಲ್ಲಿ ನಾಮಕರಣದ ಉಡುಗೊರೆಯಾಗಿ ಆ ಬಣ್ಣಬಣ್ಣದ ಮೆತ್ತೆಗಳು ಬಂದರೆ ಕಪಾಟಿನಲ್ಲೇ ಇರಲಿ.

ನಮ್ಮ ಕಥೆ ಏನು? ಹೋದ ವರ್ಷ ನನ್ನ ಅಕ್ಕ ಬೆಂಗಳೂರಿನಲ್ಲಿ ಆನ್‌ಲೈನಿನಲ್ಲಿ ಒಂದು ಕ್ರಿಬ್ ತರಿಸಿದಳು. ಬದಿಯ ಲಾಕು ಕೂತ ಹಾಗೆ ಸದ್ದು ಬರುತ್ತೆ, ಕೈ ಊರಿದರೆ ಕಳಚುತ್ತೆ. ಭಾವ ವೀಡಿಯೋ ಮಾಡಿ ಕಳಿಸಿದರು. ಮಾರಿದವರು ತಕರಾರು ಮಾಡಲೇ ಇಲ್ಲ, ನಾಲ್ಕು ದಿನದಲ್ಲಿ ದುಡ್ಡು ವಾಪಸ್, 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜು. ಎಲ್ಲರಿಗೂ ಖುಷಿ. ನನಗೆ ಮಾತ್ರ ಆ 'ಬಗೆಹರಿದಿದೆ' ಅನ್ನೋ ಪದ ಹಿಡಿಸಲಿಲ್ಲ. ಅದೇ ಮಾದರಿ ಅದೇ ಪುಟದಲ್ಲಿ ಇನ್ನೂ ಮಾರಾಟಕ್ಕಿತ್ತು. ಬಗೆಹರಿದದ್ದು ಅಕ್ಕನ ದುಡ್ಡಿನ ಲೆಕ್ಕ ಅಷ್ಟೇ.

1986ರ ನಮ್ಮ ಗ್ರಾಹಕ ರಕ್ಷಣಾ ಕಾಯ್ದೆಯೂ ಹೆಚ್ಚುಕಡಿಮೆ ಇದೇ ದಾರಿಯದ್ದು, ಕೊಂಡವನ ಮತ್ತು ಮಾರಿದವನ ನಡುವಿನ ವ್ಯಾಜ್ಯ. 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗ ಎರಡು ವಿಷಯ ಸೇರಿದವು. ವಸ್ತುವಿನ ದೋಷದಿಂದ ಹಾನಿಯಾದರೆ ತಯಾರಕನ ಮೇಲೂ, ಕೆಲವು ಸಂದರ್ಭಗಳಲ್ಲಿ ಮಾರಿದವನ ಮೇಲೂ ಹೊಣೆ ಹೊರಿಸಬಹುದು. ಎರಡನೆಯದು, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅನ್ನೋದು ಹುಟ್ಟಿ, ಅಪಾಯಕಾರಿ ಮಾಲನ್ನು ವಾಪಸ್ ಕರೆಸಿ ಅಂತ ಆದೇಶಿಸುವ ಅಧಿಕಾರ ಅದಕ್ಕೆ ಸಿಕ್ಕಿತು. 2022ರಲ್ಲಿ ಅದನ್ನು ಬಳಸಿದರು ಕೂಡ. ಕಡ್ಡಾಯ ಗುಣಮಟ್ಟಕ್ಕೆ ತಕ್ಕಂತಿಲ್ಲದ ಪ್ರೆಶರ್ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನಿಗೆ 2,265, ಫ್ಲಿಪ್‌ಕಾರ್ಟಿಗೆ 598 ಕುಕ್ಕರುಗಳ ಬಗ್ಗೆ ಆದೇಶ ಹೋಯ್ತು: ಕೊಂಡ ಪ್ರತಿಯೊಬ್ಬರಿಗೂ ತಿಳಿಸಿ, ಕುಕ್ಕರ್ ವಾಪಸ್ ಪಡೆಯಿರಿ, ದುಡ್ಡು ಕೊಡಿ, ಜತೆಗೆ ತಲಾ ಒಂದು ಲಕ್ಷ ದಂಡ. ವಿಷಯ ದೆಹಲಿ ಹೈಕೋರ್ಟಿಗೂ ಹೋಯ್ತು ಅನ್ನಿ. ಆದರೆ ಆ 598 ಅನ್ನೋ ಅಂಕಿ ನೋಡಿ. ಕೊಂಡವರೆಷ್ಟು ಅನ್ನೋ ಲೆಕ್ಕ ಒಂದೂ ತಪ್ಪದೆ ಸಿಗುತ್ತೆ. ಆನ್‌ಲೈನಿನಲ್ಲಿ ಮಾರುವವನ ಹತ್ತಿರ ಎಲ್ಲರ ಹೆಸರು, ವಿಳಾಸ, ಫೋನ್ ನಂಬರು ಇದ್ದೇ ಇರುತ್ತೆ. ಡ್ಯಾನಿಯ ತಂದೆ ತಾಯಿ ಹತ್ತು ವರ್ಷ ಹೋರಾಡಿ ತಂದ ಕಾರ್ಡು ನಮಗೆ ಬೇಕಾಗೇ ಇಲ್ಲ.

ಅಕ್ಕನ ಕ್ರಿಬ್ಬಿನ ವಿಷಯಕ್ಕೆ ಭಾವನಿಗೆ ಹೇಳಿ ಡಬ್ಬದ ಮೇಲಿನ ಮಾದರಿ ಸಂಖ್ಯೆ, ತಯಾರಿಕೆ ತಿಂಗಳು, ಬಿಲ್ಲು, ಲಾಕಿನ ಫೋಟೋ ಎಲ್ಲ ತೆಗೆಸಿಟ್ಟೆ. ಮಾಲು ವಾಪಸ್ ಹೋಗೋಕೆ ಮೊದಲೇ ಇದನ್ನು ಮಾಡಬೇಕು, ಹೋದ ಮೇಲೆ ಕೈಯಲ್ಲಿ ಏನೂ ಉಳಿಯಲ್ಲ. ಮಾರಿದವರಿಗೆ ಬರೆದ ಎರಡನೇ ಇಮೇಲಿನಲ್ಲಿ ದುಡ್ಡಿನ ಮಾತೇ ಇರಲಿಲ್ಲ. ಮೂರೇ ಪ್ರಶ್ನೆ: ಈ ಲಾಕಿನ ಬಗ್ಗೆ ನಿಮಗೆ ಬೇರೆ ಎಷ್ಟು ದೂರು ಬಂದಿವೆ? ತಯಾರಕರಿಗೆ ತಿಳಿಸಿದ್ದೀರಾ? ಇದೇ ಮಾದರಿ ಕೊಂಡ ಉಳಿದವರಿಗೆ ಯಾವಾಗ ತಿಳಿಸುತ್ತೀರಿ? ಜತೆಗೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿ, ಬಂದ ನಂಬರನ್ನು ಅದೇ ಇಮೇಲಿಗೆ ಸೇರಿಸಿದೆವು. ಕನ್ನಡದಲ್ಲೇ ಮಾತಾಡಬಹುದು ಅಲ್ಲಿ. ಎಂಟು ದಿನ ಸುಮ್ಮನಿದ್ದರು. ಆಮೇಲೆ ಬಂದ ಉತ್ತರದಲ್ಲಿ ಎರಡನೇ ಪ್ರಶ್ನೆಗೆ ಮಾತ್ರ ಹೌದು ಅಂತ ಇತ್ತು. ಉಳಿದೆರಡನ್ನು ಮತ್ತೆ ಕೇಳಿದ್ದೇವೆ.