ವಂಶವಾಹಿಯ ಬೀಗ ಮತ್ತು ಬೀಗದ ಕೈ



ನಿಮ್ಮ ಚರ್ಮದ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಚರ್ಮ ಪಿತ್ತರಸವನ್ನು ತಯಾರಿಸುವುದಿಲ್ಲ. ಏಕೆ ಗೊತ್ತೇ? ಆ ಕೆಲಸದ ವಂಶವಾಹಿಗಳು ಅಲ್ಲಿ ಮೌನವಾಗಿವೆ. ಈ ಮೌನದ ಕಾರಣವನ್ನು ಹುಡುಕಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಫ್ರೆಡ್ರಿಕ್ ಮೀಶರ್ ಎಂಬ ಯುವ ಸಂಶೋಧಕ, ಗಾಯಕ್ಕೆ ಕಟ್ಟಿದ ಬಟ್ಟೆಗಳ ಕೀವಿನಿಂದ ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಬೇರ್ಪಡಿಸಿದರು. 1884ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಅವರು ಹೆಬ್ಬಾತಿನ ರಕ್ತಕಣಗಳಲ್ಲಿ ಹಿಸ್ಟೋನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಈ ಎರಡೂ ಸೇರಿದ ವಸ್ತುವೇ ಕ್ರೊಮ್ಯಾಟಿನ್.

ನಮ್ಮ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿಟ್ಟರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಅದು ಹಿಡಿಸುವುದು ಹೇಗೆ? 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಇದಕ್ಕೆ ಉತ್ತರ ನೀಡಿದರು. ಎಂಟು ಹಿಸ್ಟೋನ್‌ಗಳ ಗುಂಪಿಗೆ ಡಿಎನ್‌ಎ ಎಳೆ ಸುತ್ತಿಕೊಂಡು, ಮಣಿಸರದಂತೆ ಸಾಗುತ್ತದೆ. ಒಂದೊಂದು ಮಣಿಯೂ ಒಂದು ನ್ಯೂಕ್ಲಿಯೋಸೋಮ್.

ಆದರೆ ಹಿಸ್ಟೋನ್ ಎಂದರೆ ಬರೀ ಸುತ್ತುವ ಉಂಡೆಯೇ? ಬಹುಕಾಲ ಹೆಚ್ಚಿನವರು ಹಾಗೆಯೇ ನಂಬಿದ್ದರು. 1987ರಲ್ಲಿ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯ ಒಂದು ಸಂಗತಿಯನ್ನು ತೋರಿಸಿತು. ವಂಶವಾಹಿಯ ಆರಂಭದ ಜಾಗ ನ್ಯೂಕ್ಲಿಯೋಸೋಮಿನಲ್ಲಿ ಸುತ್ತಿಕೊಂಡಿದ್ದರೆ, ಅದರ ಸಂದೇಶವನ್ನು ಆರ್‌ಎನ್‌ಎಗೆ ನಕಲು ಮಾಡುವ ಕೆಲಸ ಶುರುವಾಗುವುದೇ ಇಲ್ಲ. ಒಮ್ಮೆ ಶುರುವಾದ ನಕಲು ಮಾತ್ರ ಮುಂದೆ ಸಾಗಬಲ್ಲದು. ಅಂದರೆ ಬೀಗ ಇರುವುದು ಹೊಸ್ತಿಲಲ್ಲೇ! ಮರುವರ್ಷ ಮೈಕೆಲ್ ಗ್ರನ್‌ಸ್ಟೈನ್ ಮತ್ತು ಮಿನ್ ಹಾನ್ ಅವರು ಜೀವಂತ ಯೀಸ್ಟ್ ಕೋಶಗಳಲ್ಲಿ ಹಿಸ್ಟೋನ್ ತಯಾರಿಕೆಯನ್ನು ತಡೆದರು. ಆಗ ಮೌನವಾಗಿದ್ದ ವಂಶವಾಹಿಗಳು ಎಚ್ಚರಗೊಂಡವು.

ಹಾಗಾದರೆ ಬೀಗದ ಕೈ ಯಾವುದು? 1964ರಷ್ಟು ಹಿಂದೆಯೇ ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರೀ ಒಂದು ಸುಳಿವು ಕೊಟ್ಟಿದ್ದರು. ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿದರೆ ಅದರ ಧನ ವಿದ್ಯುದಂಶ ತಗ್ಗುತ್ತದೆ, ಋಣ ವಿದ್ಯುದಂಶದ ಡಿಎನ್‌ಎ ಮೇಲಿನ ಹಿಡಿತ ಸಡಿಲವಾಗುತ್ತದೆ. ಆದರೆ ಈ ಮಾತನ್ನು ಒಪ್ಪಿಸುವ ಪುರಾವೆಗೆ 32 ವರ್ಷ ಕಾಯಬೇಕಾಯಿತು. 1996ರಲ್ಲಿ ಡೇವಿಡ್ ಆಲಿಸ್ ಅವರ ತಂಡ ಟೆಟ್ರಾಹೈಮೀನಾ ಎಂಬ ಏಕಕೋಶಜೀವಿಯಲ್ಲಿ ಅಸಿಟೈಲ್ ಅಂಟಿಸುವ ಕಿಣ್ವವನ್ನು ಗುರುತಿಸಿತು. ನೋಡಿದರೆ, ಅದು ಯೀಸ್ಟಿನಲ್ಲಿ ವಂಶವಾಹಿಗಳನ್ನು ಚುರುಕುಗೊಳಿಸುವುದೆಂದು ಮೊದಲೇ ತಿಳಿದಿದ್ದ ಜಿಸಿಎನ್5 ಎಂಬ ಪ್ರೋಟೀನಿನ ಬಂಧುವಾಗಿತ್ತು! ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡ ಅಸಿಟೈಲನ್ನು ಕಿತ್ತುಹಾಕುವ ಕಿಣ್ವವನ್ನೂ ಕಂಡುಹಿಡಿಯಿತು. ಬೀಗ ತೆರೆಯುವ ಕೈ, ಮುಚ್ಚುವ ಕೈ ಎರಡೂ ಸಿಕ್ಕವು.

ಇದರಿಂದ ನಮಗೇನು ಲಾಭ ಎನ್ನುವಿರಾ? ಈ ಎರಡನೆಯ ಕಿಣ್ವವನ್ನು ತಡೆಯುವ ವೊರಿನೋಸ್ಟಾಟ್ ಎಂಬ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದು ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ರಕ್ತಕಣದ ಕ್ಯಾನ್ಸರಿಗೆ ಮದ್ದು.

ವಿದ್ಯಾರ್ಥಿ ಮಿತ್ರರೇ, ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಹಿಸ್ಟೋನಿನ ಹಿಂದೆ ಇಷ್ಟು ದೊಡ್ಡ ಕಥೆಯಿದೆ. ಎಲ್ಲರೂ ಬರೀ ಹೊದಿಕೆ ಎಂದು ಬದಿಗಿಟ್ಟದ್ದನ್ನು ಕೆಲವರು ಪ್ರಶ್ನಿಸಿದರು, ಉತ್ತರಕ್ಕಾಗಿ ದಶಕಗಳ ಕಾಲ ತಾಳ್ಮೆಯಿಂದ ದುಡಿದರು. ನೀವೂ ಪ್ರಶ್ನೆ ಕೇಳಲು ಹಿಂಜರಿಯಬೇಡಿ.