ಕಾಗದ ಮುಗಿದವನು ಕಳ್ಳನೇ?

ಅಮೀನಗಡದ ಬಸ್ ನಿಲ್ದಾಣದ ಎದುರು ಚಹಾ ಕುಡಿಯುವಾಗ ಹಳೆಯ ಪರಿಚಯದವರೊಬ್ಬರು ದನಿ ತಗ್ಗಿಸಿ ಕೇಳಿದರು: "ಅಮೆರಿಕಾದಾಗಿರೋ ನಮ್ಮ ಹುಡುಗಂದು ಇರಾಕ ಕೊಟ್ಟ ದಿನ ಮುಗದಾವಂತ್ರಿ. ಕೆಲಸ ಹೋತು, ಕಾಗದ ಆಗ್ಲಿಲ್ಲ. ಈಗ ಅಂವ ಕಳ್ಳ ಆದನೇನ್ರಿ?" ಉತ್ತರ ಗೊತ್ತಿದ್ದವರಂತೆ ತಲೆಯಾಡಿಸಿದೆ. ಗೊತ್ತಿರಲಿಲ್ಲ. ಮರುದಿನ ಬಾಗಲಕೋಟೆಗೆ ಹೋಗಿ ವಕೀಲ ಗೆಳೆಯನ ಕಪಾಟಿನ ಮುಂದೆ ಕುಳಿತೆ.

ಮೊದಲು ನಮ್ಮ ದೇಶದ ಕಾನೂನು ನೋಡೋಣವೆಂದು 1946ರ ವಿದೇಶಿಯರ ಕಾಯ್ದೆಯನ್ನು ತೆಗೆದೆ. ಕಲಂ 14ರಲ್ಲಿ ಉತ್ತರ ಮುಖಕ್ಕೆ ರಾಚುವಂತಿತ್ತು: ಅನುಮತಿಯ ಅವಧಿ ಮೀರಿ ಉಳಿದ ವಿದೇಶಿಗೆ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಗೆಳೆಯ ನಕ್ಕ. "ಆ ಕಾಯ್ದೆ ಸತ್ತೈತಿ. ಹೊಸದು ನೋಡು." 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ, 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳನ್ನು ಅದು ನುಂಗಿಕೊಂಡಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ ಐದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರಿಯಾಗಿ ಬಂದು ಅವಧಿ ಮೀರಿ ಕೂತರೆ ಮೂರು ವರ್ಷ, 3 ಲಕ್ಷ. ಅಂದರೆ ಭಾರತದಲ್ಲಿ ಅದು ಅಪರಾಧವೇ.

ಇಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಆದರೆ ಹಳೆಯ ಕಾಯ್ದೆಯ ಕಲಂ 9 ನನ್ನನ್ನು ಹಿಡಿದು ನಿಲ್ಲಿಸಿತು. ತಾನು ವಿದೇಶಿ ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯ ಮೇಲೆಯೇ. ಹೊಸ ಕಾಯ್ದೆಯಲ್ಲೂ ಇದು ಹಾಗೇ ಉಳಿದಿದೆ. ನನ್ನ ಜನನ ಎಲ್ಲಿ ದಾಖಲಾಗಿದೆ? ಹೆರಿಗೆ ಮನೆಯಲ್ಲೇ ಆಯಿತು; ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದರು. ನಮ್ಮ ಕಡೆ ಅರ್ಧ ಊರಿಗೆ ಅದೇ ಹುಟ್ಟಿದ ದಿನ. ಕಾಗದ ಎಷ್ಟು ತೆಳ್ಳಗಿರುತ್ತದೆ ಎಂಬುದು ಆಗ ಹೊಳೆಯಿತು.

ಹಾಗಾದರೆ ವಿದೇಶಿ ಯಾರು? ವ್ಯಾಖ್ಯೆಯ ಬೆನ್ನು ಹತ್ತಿದೆ. ಮೂಲ ಕಾಯ್ದೆಯಲ್ಲಿ ಬ್ರಿಟಿಷ್ ಪ್ರಜೆಯಲ್ಲದವನು ವಿದೇಶಿ. ಹೀಗಾಗಿ ದೇಶ ಹರಿದು ಎರಡಾದ ಮೇಲೂ ಪಾಕಿಸ್ತಾನದವನು ಈ ಕಾಯ್ದೆಯ ಕಣ್ಣಿಗೆ ವಿದೇಶಿಯಾಗಿರಲಿಲ್ಲ! 1957ರ ಜನವರಿ 19ರಿಂದ ಭಾರತದ ಪ್ರಜೆಯಲ್ಲದವನೆಲ್ಲ ವಿದೇಶಿ ಎಂದು ತಿದ್ದಲಾಯಿತು. ರಾತ್ರಿ ಮಲಗಿದವನು ಬೆಳಿಗ್ಗೆ ಏಳುವಾಗ ವಿದೇಶಿ.

ಈ ತಿದ್ದುಪಡಿಯ ಸುಳಿಗೆ ಸಿಕ್ಕವರ ಮೊಕದ್ದಮೆಗಳನ್ನು ಹುಡುಕಿದಾಗ ಉತ್ತರ ಪ್ರದೇಶ ಸರ್ಕಾರ ಮತ್ತು ರಹಮತುಲ್ಲಾ ನಡುವಿನ 1971ರ ಸುಪ್ರೀಂ ಕೋರ್ಟ್ ತೀರ್ಪು ದೊರೆಯಿತು. ಆತ 1955ರಲ್ಲಿ ಪಾಕಿಸ್ತಾನಿ ಪಾಸ್‌ಪೋರ್ಟ್ ಹಿಡಿದು ಬಂದವನು, ಅವಧಿ ಮೀರಿ ಉಳಿದವನು. ಬಂದ ದಿನ ಅವನು ಕಾಯ್ದೆಯ ಪ್ರಕಾರ ವಿದೇಶಿಯೇ ಅಲ್ಲ. ಆದ್ದರಿಂದ ವಿದೇಶಿಯಾಗಿ ಬಂದು ಅವಧಿ ಮೀರಿದ ಅಪರಾಧ ಅವನ ಮೇಲೆ ನಿಲ್ಲುವುದಿಲ್ಲವೆಂದು ಬಿಡುಗಡೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಒಂದು ದಿನಾಂಕದ ಆಚೆಗೋ ಈಚೆಗೋ ಎಂಬುದರ ಮೇಲೆ ಅವನ ಜೈಲು ನಿಂತಿತ್ತು.

ಈ ಕಥೆ ನಮಗೆ ದೂರದ್ದಲ್ಲ. ಅಮೀನಗಡದಿಂದ ರಾಯಚೂರು ರಸ್ತೆ ಹಿಡಿದು ಹುನಗುಂದ, ಲಿಂಗಸೂಗೂರು ಮುಟ್ಟಿ, ಅಲ್ಲಿಂದ ಮಸ್ಕಿಯ ದಾರಿಗೆ ಹೊರಳಿದರೆ ಸಿಂಧನೂರು. ಆ ತಾಲ್ಲೂಕಿನಲ್ಲಿ ಆರ್‌ಎಚ್ ಕ್ಯಾಂಪ್ ಎಂದು ಕರೆಯುವ ಊರುಗಳಿವೆ. 1971ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರವೇ ಕೊಟ್ಟ ನೆಲೆ ಅದು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಭತ್ತ ಬೆಳೆದರು, ಕನ್ನಡ ಕಲಿತರು. ಆದರೂ 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಆ ಕ್ಯಾಂಪ್‌ಗಳ ಐವರಿಗೆ ಪ್ರಮಾಣಪತ್ರ ಬಂದಾಗ ಅದು ಪತ್ರಿಕೆಗಳಿಗೆ ಸುದ್ದಿಯಾಯಿತು. ಅರ್ಧ ಶತಮಾನ ಉತ್ತು ಬಿತ್ತಿದ ನೆಲದಲ್ಲಿ ಪ್ರಜೆ ಎನ್ನಿಸಿಕೊಳ್ಳಲು ಅಷ್ಟು ಕಾಯಬೇಕಾಯಿತು.

ರಾಜಪತ್ರದ ಇನ್ನೊಂದು ಎಳೆಯೂ ಇದಕ್ಕೇ ಬಂದು ಸೇರಿತು. 2014ರ ಡಿಸೆಂಬರ್ 31ರೊಳಗೆ ಧಾರ್ಮಿಕ ಕಿರುಕುಳಕ್ಕೆ ಹೆದರಿ ಬಂದ ಪಾಕಿಸ್ತಾನ, ಬಾಂಗ್ಲಾದೇಶದ ಅಲ್ಪಸಂಖ್ಯಾತರನ್ನು 2015ರ ಸೆಪ್ಟೆಂಬರ್ 7ರ ಅಧಿಸೂಚನೆ ಹಳೆಯ ಕಾಯ್ದೆಗಳ ಹಿಡಿತದಿಂದ ಬಿಡಿಸಿತು. 2025ರ ಸೆಪ್ಟೆಂಬರ್‌ನ ವಿನಾಯಿತಿ ಆದೇಶ ಆ ಗಡುವನ್ನು 2024ರ ಕೊನೆಯವರೆಗೆ ಚಾಚಿತು. ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಇದು ಅನ್ವಯ, ಮುಸ್ಲಿಮರಿಗಿಲ್ಲ. ಅದೇ ಗಡಿ, ಅದೇ ರಾತ್ರಿ, ಅದೇ ದೋಣಿ. ಒಬ್ಬನಿಗೆ ವಿನಾಯಿತಿ, ಇನ್ನೊಬ್ಬನಿಗೆ ಜೈಲು.

ವಿನಾಯಿತಿ ಇಲ್ಲದವನ ಪಾಡು ಏನು? 2020ರ ಮೇ 19ರಂದು ಬಾಬುಲ್ ಖಾನ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಮಾರ್ಗಸೂಚಿ ಹಾಕಿಕೊಟ್ಟರು: ಜಾಮೀನು ಸಿಕ್ಕರೂ ವೀಸಾ ಇಲ್ಲದ ವಿದೇಶಿಯನ್ನು ಹೊರಗೆ ಬಿಡದೆ, ತನ್ನ ದೇಶಕ್ಕೆ ಮರಳಿಸುವ ತನಕ ತಡೆ ಕೇಂದ್ರದಲ್ಲಿ ಇಡಬೇಕು. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಅಂಥ ಕೇಂದ್ರವಿದೆ. ಒಮ್ಮೆ ಅದು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿತ್ತು.

ಕೊನೆಗೆ ಆ ಹುಡುಗನ ಅಮೆರಿಕಕ್ಕೆ ಬಂದೆ. ಅಲ್ಲಿ 1892ರ ಕಾನೂನೊಂದು ಕಾಗದವಿಲ್ಲದ ಚೀನೀಯನನ್ನು ಹೊರಗಟ್ಟುವ ಮೊದಲು ಒಂದು ವರ್ಷದವರೆಗೆ ಕಠಿಣ ದುಡಿಮೆಗೆ ಹಾಕಬಹುದು ಎಂದಿತ್ತು. 1896ರಲ್ಲಿ ವಾಂಗ್ ವಿಂಗ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಗೆರೆ ಎಳೆಯಿತು: ದೇಶದಿಂದ ಕಳಿಸುವುದು ಬೇರೆ, ಶಿಕ್ಷೆ ಕೊಡುವುದು ಬೇರೆ, ಶಿಕ್ಷೆ ಬೇಕಿದ್ದರೆ ವಿಚಾರಣೆ ನಡೆಸಿ. ತಪಾಸಣೆ ತಪ್ಪಿಸಿ ಗಡಿ ದಾಟುವುದು 1929ರಿಂದ ಅಲ್ಲಿ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಸರಿಯಾಗಿ ಒಳಬಂದು ಅವಧಿ ಮೀರಿ ಉಳಿದರೆ ಅದು ದಿವಾಣಿ ತಪ್ಪು, ಫೌಜದಾರಿ ಅಲ್ಲ. 2012ರ ಅರಿಜೋನಾ ತೀರ್ಪು ಇದನ್ನೇ ಮತ್ತೆ ಹೇಳಿತು. ಇಂಗ್ಲೆಂಡ್ ಹಾಗಲ್ಲ, ಅಲ್ಲಿ 1971ರ ಕಾಯ್ದೆಯ ಪ್ರಕಾರ ತಿಳಿದೂ ಅವಧಿ ಮೀರುವುದು ಅಪರಾಧ.

ಮುಂದಿನ ವಾರ ಅದೇ ಚಹಾದಂಗಡಿಯಲ್ಲಿ ಹೇಳಿದೆ: "ಹುಡುಗ ಕಳ್ಳ ಅಲ್ರಿ. ಆದ್ರ ಹಿಡದು ಕೂಡಿಸಬಹುದು, ಹೊರಗ ಕಳಸಬಹುದು. 180 ದಿನ ಮೀರಿ ಇದ್ದು ಹೊರಬಿದ್ರ ಮೂರು ವರ್ಷ ಬಾಗಲಾ ಬಂದ್, ವರ್ಷ ತುಂಬಿದ್ರ ಹತ್ತು ವರ್ಷ. ಲಗೂನ ಅಲ್ಲೇ ವಕೀಲರನ್ನ ಹಿಡೀಲಿ." ಅವರು ಲೋಟ ಕೆಳಗಿಟ್ಟು, "ಹಂಗಾರ ಇಲ್ಲಿ ಬಂದು ಉಳದಾವ್ರು?" ಎಂದರು. ಇಲ್ಲಿ ಜೈಲು ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹೊರಗೆ ಹೋಗುವ ಮಕ್ಕಳಿಗೆ ಒಂದು ಮಾತು: ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ದಿನಾಂಕ ಬೇರೆ, ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವ ಐ-94ರ ದಿನಾಂಕ ಬೇರೆ. ಎಣಿಕೆಗೆ ಹಿಡಿಯುವುದು ಎರಡನೆಯದನ್ನು.